ಹುಳುಮನೆಯ ಬಾಗಿಲಲ್ಲಿ ಬಿಚ್ಚಿಟ್ಟ ಕಾಲ್ಚೀಲ

ಮುಳಬಾಗಿಲು
9 ಜೂನ್ 2024

ರತ್ನಾ,

ಹರಿಯಬೇಡ. ಅಕ್ಷರ ನೋಡಿದ ತಕ್ಷಣ ಯಾರದೆಂದು ಗೊತ್ತಾಗಿರುತ್ತದೆ, ಕೈ ಆಗಲೇ ಒಲೆಯ ಕಡೆಗೆ ಹೋಗಿರುತ್ತದೆ. ಒಂದೇ ಒಂದು ಸಲ ಓದಿ ಆಮೇಲೆ ಒಲೆಗೆ ಹಾಕು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಾಲ್ಕು ವರ್ಷದಿಂದ ಎತ್ತಿಲ್ಲ. ಆದರೆ ಬರೆದಿದ್ದನ್ನು ಓದದೆ ಬಿಡುವವಳಲ್ಲ. ಹೈಸ್ಕೂಲಿನಲ್ಲಿ ಕಡಲೆಕಾಯಿ ಕಟ್ಟಿಕೊಟ್ಟ ಪೊಟ್ಟಣವನ್ನೂ ಬಿಡಿಸಿ ಓದುತ್ತಿದ್ದೆ ನೀನು.

ವಿಷಯ ಇಷ್ಟೇ: ನನ್ನ ಕಾಲು ಸರಿಹೋಯಿತು ಕಣೇ! ಎರಡು ವರ್ಷದಿಂದ ಎಡಗಾಲಿನ ಮೀನಖಂಡದ ಮೇಲೆ ನೀಲಿ ದಾರದ ಉಂಡೆಯಂತೆ ನರ ಉಬ್ಬಿತ್ತು. ಸಂಜೆಯಾದರೆ ಕಾಲು ಭಾರ, ಪಾದದ ಊತ, ತುರಿಕೆ. ಮೂವತ್ತಮೂರು ವರ್ಷ ಕರಿಹಲಗೆಯ ಮುಂದೆ ನಿಂತದ್ದಕ್ಕೆ ಸರ್ಕಾರ ಕೊಟ್ಟ ನಿವೃತ್ತಿಯ ಕಾಣಿಕೆ ಅಂದುಕೊಂಡಿದ್ದೆ. ಕಳೆದ ಮಂಗಳವಾರ ಕೋಲಾರದಲ್ಲಿ ಲೇಸರ್ ಮಾಡಿದರು. ಕೊಯ್ಯಲಿಲ್ಲ, ಹೊಲಿಯಲಿಲ್ಲ. ಮರಗಟ್ಟುವುದಕ್ಕೆ ನಾಲ್ಕಾರು ಸೂಜಿ, ಆಮೇಲೆ ಒಳಗೆ ಒಂದು ಸಣ್ಣ ತಂತಿ, ಒಂದು ಗಂಟೆಯ ಕೆಲಸ. ಡಾಕ್ಟರಮ್ಮ "ಏಳಿ ಮೇಡಂ, ನಡೀರಿ" ಅಂದಾಗ ನಾನು ನಂಬಲೇ ಇಲ್ಲ. ನಡೆದೆ! ಬಸ್‌ಸ್ಟ್ಯಾಂಡಿನವರೆಗೂ ನಡೆದೇ ಹೋಗುತ್ತೇನೆಂದು ಹಟ ಹಿಡಿದೆ. ನನ್ನ ಮಗ ಮುಕುಂದ್ ಬೈದು ಕಾರು ಹತ್ತಿಸಿದ.

ಅವತ್ತು ಔಷಧಿ ಅಂಗಡಿಯ ಸಾಲಿನಲ್ಲಿ ನಿನ್ನ ಮಗಳು ಚಂದನ ಸಿಕ್ಕಳು. ನರಸಾಪುರದ ಕಂಪನಿಯವರು ಕಣ್ಣಿನ ತಪಾಸಣೆಗೆ ಕಳಿಸಿದ್ದರಂತೆ. ಅವಳೇ ಹೇಳಿದಳು. "ಅಮ್ಮನ ಕಾಲು ನೋಡೋಕಾಗಲ್ಲ ಆಂಟಿ. ಹಿಮ್ಮಡಿ ಮೇಲೆ ಕಪ್ಪಾಗ್ಬಿಟ್ಟಿದೆ. ಶಿವರಾತ್ರಿಲಿ ಆದ ಗಾಯ ಇನ್ನೂ ಆರಿಲ್ಲ. ಹಳೇ ಸೀರೆ ಹರಿದು ಸುತ್ಕೊಂಡು ಹುಳುಮನೇಲಿ ನಿಂತಿರ್ತಾಳೆ. ಏನಾರ ಹೇಳಿದ್ರೆ ನನ್ನ ಮೇಲೇ ರೇಗ್ತಾಳೆ." ಆ ಗಾಯ ತಾನಾಗಿ ಆರುವುದಿಲ್ಲ ರತ್ನಾ. ಬಿಟ್ಟರೆ ಬೆಳೆಯುತ್ತದೆ, ಕಾಲೂರಿ ನಿಲ್ಲದಂತೆ ಮಾಡುತ್ತದೆ. ರೇಷ್ಮೆ ಹುಳು ಸಾಕುವವಳಿಗೆ ನಿಲ್ಲುವುದಕ್ಕಾಗದಿದ್ದರೆ ಏನು ಮಾಡುತ್ತೀಯ? ಒಂದೇ ಒಂದು ಸಲ ಬಾ, ನಾನು ಕರೆದುಕೊಂಡು ಹೋಗುತ್ತೇನೆ.

ಬೈಗುಳವಾದರೂ ಬರಲಿ ಎಂದು ಕಾಯುತ್ತಿರುವ
ಅನಂತು


ಕ್ಯಾಲನೂರು
2 ಜುಲೈ 2024

ಅನಂತಲಕ್ಷ್ಮಿ ಮೇಡಂ ಅವರಿಗೆ,

ಕಾಗದ ಸುಡಲಿಲ್ಲ. ಒಲೆ ಈಗ ಗ್ಯಾಸಿನದು, ಕಾಗದ ಹಾಕಿದರೆ ಮನೆಯೆಲ್ಲ ಹೊಗೆ.

ನಿಮ್ಮ ಕಾಲು ವಾಸಿಯಾದದ್ದು ಸಂತೋಷ. ನನ್ನ ಕಾಲಿಗೆ ಹಿಪ್ಪುನೇರಳೆ ಕಡ್ಡಿ ಚುಚ್ಚಿತ್ತು, ಅದೇ ಗಾಯ. ಆರುತ್ತದೆ. ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದಿವೆ, ಈಗ ಅವುಗಳ ಬಾಯಿಗೆ ಸೊಪ್ಪು ಎಷ್ಟು ಹಾಕಿದರೂ ಸಾಲದು. ನಾನು ಕೋಲಾರಕ್ಕೆ ಹೋಗಿ ಕೂತರೆ ಅವುಗಳಿಗೆ ಮೇವು ಹಾಕುವುದಕ್ಕೆ ನಿಮ್ಮ ಡಾಕ್ಟರಮ್ಮ ಬರುತ್ತಾರಾ?

ಒಂದು ಮಾತು ಮಾತ್ರ ಕೇಳಬೇಕು ಅನಿಸಿತು. ನಿಮ್ಮ ಮನೆ ಗೃಹಪ್ರವೇಶದ ದಿನ ಮೊದಲ ಪಂಕ್ತಿಯಲ್ಲಿ ನಾನು ಕೆಳಗೆ ಕೂತಿದ್ದೆ. ಹಿಂದಿನ ದಿನವೇ ಬಂದು ಅಂಗಳ ಸಾರಿಸಿ, ರಂಗೋಲಿ ಬಿಟ್ಟು, ಎರಡು ಮೂಟೆ ತರಕಾರಿ ಹೆಚ್ಚಿ, ದಣಿದು ಕೂತಿದ್ದೆ. ಸೀರೆ ಸ್ವಲ್ಪ ಸರಿದಿತ್ತು. ಬಡಿಸುತ್ತಾ ಬಂದ ನೀವು ಎಲ್ಲರಿಗೂ ಕೇಳುವಂತೆ, "ಕಾಲು ಮುಚ್ಕೊಳ್ಳೇ, ಅಸಹ್ಯವಾಗಿದೆ, ಜನ ಊಟಕ್ಕೆ ಕೂತಿದಾರೆ" ಅಂದಿರಿ. ಎಲೆಯಲ್ಲಿ ಹೋಳಿಗೆ ಇತ್ತು. ಬಡಿಸಿದ ಎಲೆ ಬಿಟ್ಟು ನಾನು ಎದ್ದು ಬಂದೆ. ಹುಟ್ಟಿದ ಮೇಲೆ ಅವತ್ತೊಂದೇ ದಿನ ಹಾಗೆ ಎದ್ದದ್ದು.

ಕಾಲು ಮುಚ್ಚಿಕೋ ಅಂದವರೇ ಈಗ ಕಾಲು ತೋರಿಸು ಅನ್ನುತ್ತೀರಿ. ಯಾವುದನ್ನು ಕೇಳಲಿ?

ಇಂತಿ,
ಕೆ. ವೆಂಕಟರತ್ನಮ್ಮ


ಮುಳಬಾಗಿಲು
8 ಜುಲೈ 2024

ರತ್ನಾ,

'ಮೇಡಂ' ಅಂದೆ, 'ನೀವು' ಅಂದೆ, ಹೆಸರಿನ ಹಿಂದೆ ಇನಿಷಿಯಲ್ಲೂ ಹಾಕಿದೆ. ಎಲ್ಲವೂ ತಾಗಿತು. ತಾಗಲೇಬೇಕಿತ್ತು. ಆದರೂ ಹೇಳುತ್ತೇನೆ, ಪೋಸ್ಟ್‌ಮ್ಯಾನ್ ಕಾಗದ ಕೊಟ್ಟಾಗ ನಾನು ಗೇಟಿನಲ್ಲೇ ಕುಣಿದೆ. ಪಕ್ಕದ ಮನೆ ಶಾಮಲಮ್ಮ "ಏನ್ರೀ ಟೀಚರ್, ಲಾಟರಿ ಹೊಡೀತಾ?" ಅಂತ ಕೇಳಿದಳು.

ಆ ದಿನದ ಮಾತಿಗೆ ನನ್ನಲ್ಲಿ ಉತ್ತರ ಇದೆ. ಬರೆಯಲು ಕೂತು ಎರಡು ಹಾಳೆ ಹರಿದೆ. ಇನ್ನೂ ಧೈರ್ಯ ಸಾಲದು. ತಪ್ಪು ನನ್ನದು ಅಂತ ಮಾತ್ರ ಇವತ್ತು ಬರೆಯುತ್ತೇನೆ.

ಡಾಕ್ಟರಮ್ಮ ನನಗೆ ಹೇಳಿದ್ದರಲ್ಲಿ ಒಂದು ಮಾತನ್ನು ನೀನು ಇವತ್ತೇ ತಿಳಿದುಕೊಳ್ಳಬೇಕು. ಉಬ್ಬಿದ ಆ ನಾಳದ ಮೇಲಿನ ಚರ್ಮ ತೆಳ್ಳಗಾಗಿರುತ್ತದೆ. ಏನಾದರೂ ತಾಗಿ ಒಡೆದರೆ ರಕ್ತ ಚಿಮ್ಮುತ್ತದೆ. ಆಗ ನಿಲ್ಲಬಾರದು, ಕೂರಲೂಬಾರದು. ಎಲ್ಲಿದ್ದೀಯೋ ಅಲ್ಲೇ ಅಂಗಾತ ಮಲಗಬೇಕು. ಕಾಲನ್ನು ಎದೆಗಿಂತ ಮೇಲೆ ಎತ್ತಬೇಕು. ರಕ್ತ ಬರುವ ಜಾಗದ ಮೇಲೇ ಶುಭ್ರವಾದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಮೇಲೆ ಹಗ್ಗ ಕಟ್ಟಬಾರದು. ಹಗ್ಗ ಬಿಗಿದರೆ ರಕ್ತ ಇನ್ನೂ ಹೆಚ್ಚು ಬರುತ್ತದೆ. ಇದನ್ನು ನಿನ್ನ ಯಜಮಾನರಿಗೂ ಓದಿ ಹೇಳು. ಸುಬ್ಬರಾಯಪ್ಪನವರಿಗೆ ಕೈಗೆ ಹಗ್ಗ ಸಿಕ್ಕರೆ ಏನನ್ನಾದರೂ ಕಟ್ಟದೆ ಬಿಡುವುದಿಲ್ಲ ಅಂತ ನೀನೇ ಹೇಳುತ್ತಿದ್ದೆ.

ಮತ್ತೆ ಬರೆಯುತ್ತೀಯಾ?
ಅನಂತು


ಕ್ಯಾಲನೂರು
22 ಆಗಸ್ಟ್ 2024

ಅನಂತೂ,

ಲೇ, ನನ್ನ ರಕ್ತವನ್ನು ನಾನೇ ಟಿ.ವಿ.ಯಲ್ಲಿ ನೋಡಿದೆ ಕಣೇ!

ನಿನ್ನ ಮಾತಿಗೆ ಹೋದೆ ಅಂದುಕೊಳ್ಳಬೇಡ. ಚಂದನ ರಜೆ ಹಾಕಿ ಬಂದು ಹಟ ಹಿಡಿದಳು. ನಿನ್ನ ಡಾಕ್ಟರಮ್ಮನೇ. ನಿನಗಿಂತ ಚಿಕ್ಕವಳು, ನಿನಗಿಂತ ಜೋರು. ಸ್ಟೂಲಿನ ಮೇಲೆ ನಿಲ್ಲಿಸಿ ಕಾಲಿಗೆ ತಣ್ಣಗೆ ಲೋಳೆ ಹಚ್ಚಿ ಒಂದು ಡಬ್ಬಿ ಒತ್ತಿದರು. ಪರದೆಯ ಮೇಲೆ ಕೆಂಪು, ನೀಲಿ. ಪೆಟ್ಟಿಗೆಯಿಂದ 'ಸುಂಯ್, ಸುಂಯ್' ಅಂತ ಶಬ್ದ. ಮೀನಖಂಡ ಹಿಸುಕಿದರೆ ರಕ್ತ ಮೇಲಕ್ಕೆ ಹೋಗುತ್ತದೆ, ಬಿಟ್ಟರೆ ದಬದಬ ಕೆಳಗಿಳಿಯುತ್ತದೆ. "ನೋಡಿ ಅಮ್ಮ, ಇದು ನರದ ಕಾಯಿಲೆ ಅಲ್ಲ. ರಕ್ತನಾಳದ ಒಳಗಿನ ಸಣ್ಣ ಕವಾಟಗಳು ಕೆಟ್ಟಿವೆ. ಮೇಲೆ ಹೋದ ರಕ್ತನ ಹಿಡ್ಕೊಳ್ಳೋದಕ್ಕೆ ಆಗ್ತಿಲ್ಲ" ಅಂದರು. ನಾನು ಜೋರಾಗಿ "ಅಯ್ಯೋ, ಫುಟ್‌ವಾಲ್ವ್ ಹೋಗಿದೆ ಅನ್ನಿ!" ಅಂದೆ. ನಮ್ಮ ಹಳೇ ಬಾವಿಯ ಮೋಟರಿಗೂ ಅದೇ ಆಗಿತ್ತಲ್ಲ, ಮೇಲೆ ಎಳೆದ ನೀರೆಲ್ಲ ಮತ್ತೆ ಬಾವಿಗೇ ಇಳಿಯುತ್ತಿತ್ತು. ಆ ಡಾಕ್ಟರಮ್ಮ ಇನ್ನು ಮೇಲೆ ಎಲ್ಲರಿಗೂ ಹೀಗೇ ಹೇಳುತ್ತೇನೆ ಅಂದರು.

ಆರು ತಿಂಗಳಿಂದ ಆ ಗಾಯಕ್ಕೆ ಹೆದರಿ ಹೆದರಿ ಇದ್ದೆ ಅನಂತು. ಕಾಲು ತೆಗೆಯಬೇಕಾಗುತ್ತದೆ ಅಂತ ಯಾರೋ ಹೇಳಿದ್ದರು. ಯಾರಿಗೂ ಹೇಳಿರಲಿಲ್ಲ. ಅವರು ಮೊದಲು ಪಾದದ ನಾಡಿ ಹಿಡಿದು, ಕಾಲಿಗೆ ರಕ್ತ ಇಳಿಯುವುದು ಚೆನ್ನಾಗಿದೆ ಎಂದು ನೋಡಿ, "ಕಾಲೆಲ್ಲೂ ಹೋಗಲ್ಲ, ಗಾಯ ಆರುತ್ತೆ" ಅಂದರು. ಅಲ್ಲೇ ಅತ್ತುಬಿಟ್ಟೆ. ಚಂದನಳಿಗೆ ನಾಚಿಕೆಯಾಯಿತೋ ಏನೋ, ಆಚೆ ಹೋದಳು.

ಗಾಯಕ್ಕೆ ಪಟ್ಟಿ, ಅದರ ಮೇಲೆ ಬಿಗಿಯಾದ ಉದ್ದನೆಯ ಕಾಲ್ಚೀಲ. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆ ಹಾಕಿಕೊಳ್ಳಬೇಕು, ರಾತ್ರಿ ಮಲಗುವಾಗ ತೆಗೆಯಬೇಕು. ಲೇಸರಿಗೆ ಸೆಪ್ಟೆಂಬರ್ ಕೊನೆಗೆ ಬರುತ್ತೇನೆ ಅಂದಿದ್ದೇನೆ, ಈ ಬೆಳೆ ಗೂಡು ಕಟ್ಟಲಿ. ಕಾಲ್ಚೀಲ ತಪ್ಪಿಸುತ್ತಿಲ್ಲ ಕಣೇ, ಒಂದು ದಿನವೂ ತಪ್ಪಿಸಿಲ್ಲ. ಹುಳುಮನೆಯ ಬಾಗಿಲಿಗೆ ಬಂದಾಗ ಮಾತ್ರ ಬಿಚ್ಚಿ ಗೂಟಕ್ಕೆ ನೇತುಹಾಕುತ್ತೇನೆ. ಹೊರಗಿನ ಬಟ್ಟೆ, ಹೊರಗಿನ ಧೂಳು ಒಳಗೆ ಬಂದರೆ ಹುಳುವಿಗೆ ರೋಗ. ಬರಿಗಾಲನ್ನು ಬ್ಲೀಚಿಂಗ್ ಪುಡಿಯ ನೀರಲ್ಲಿ ಅದ್ದಿ ಒಳಗೆ ಹೋಗುವುದು ನಮ್ಮ ಪದ್ಧತಿ. ಅಮೃತಾಂಜನ ಹಚ್ಚಿಕೊಂಡವರನ್ನೂ ನಾನು ಒಳಗೆ ಬಿಡುವುದಿಲ್ಲ.

ಇನ್ನೊಂದು. ನನ್ನ ಕಾಲು ನೋಡಿ ಡಾಕ್ಟರಮ್ಮ "ಇದು ಹದಿನೈದಿಪ್ಪತ್ತು ವರ್ಷದಿಂದ ಬೆಳೆದಿದ್ದು" ಅಂದರು. ನಿನ್ನದು ಎರಡೇ ವರ್ಷದಲ್ಲಿ ಲೇಸರ್ ತನಕ ಹೋಯಿತಾ?

ಟಿ.ವಿ.ಯಲ್ಲಿ ಬಂದವಳು,
ರತ್ನ


ಮುಳಬಾಗಿಲು
27 ಆಗಸ್ಟ್ 2024

ರತ್ನಾ!

ಬಿಚ್ಚಬೇಡ! ಕಾಗದ ಕೈಗೆ ಸಿಕ್ಕ ಕ್ಷಣದಿಂದ ಬಿಚ್ಚಬೇಡ! ದಿನಕ್ಕೆ ಎಂಟು ಗಂಟೆ ನೀನು ನಿಲ್ಲುವುದು ಎಲ್ಲಿ? ಹುಳುಮನೆಯಲ್ಲಿ. ಕಾಲ್ಚೀಲ ಇರುವುದು ಯಾವುದಕ್ಕೆ? ನಿಂತಾಗ ರಕ್ತ ಕೆಳಗೆ ನಿಲ್ಲದಿರಲಿ ಅಂತ. ನೀನು ಅದನ್ನು ಗೂಟಕ್ಕೆ ನೇತುಹಾಕಿ, ಗೂಟದ ಕಾಲಿಗೆ ಚಿಕಿತ್ಸೆ ಮಾಡುತ್ತಿದ್ದೀಯ!

ಚಂದನಳ ನಂಬರ್ ನನ್ನ ಹತ್ತಿರ ಇಲ್ಲ, ನಿನ್ನ ನಂಬರಿಗೆ ಹತ್ತು ಸಲ ಮಾಡಿದೆ, ಹೋಗುತ್ತಿಲ್ಲ. ಈಗಲೇ ಪೋಸ್ಟಾಫೀಸಿಗೆ ಓಡುತ್ತಿದ್ದೇನೆ. ನಿನ್ನ ಕೊನೆಯ ಪ್ರಶ್ನೆ ಓದಿದೆ. ಉತ್ತರ ಬರುತ್ತದೆ.

ಅವಸರದಲ್ಲಿ,
ಅನಂತು


ಕ್ಯಾಲನೂರು
5 ಸೆಪ್ಟೆಂಬರ್ 2024

ಟೀಚರಮ್ಮಾ,

ಇವತ್ತು ಶಿಕ್ಷಕರ ದಿನವಂತೆ. ನಿನಗೆ ಹೂವಿನ ಹಾರ ಕಳಿಸುವುದಿಲ್ಲ, ಈ ಕಾಗದವನ್ನೇ ಹಾಕಿಕೋ. ನಾನು ಬದುಕಿದ್ದೇನೆ. ನಿನ್ನಿಂದ ಬದುಕಿದ್ದೇನೆ.

ನಿನ್ನ 'ಬಿಚ್ಚಬೇಡ' ಕಾಗದ ಬಂದದ್ದು ಶುಕ್ರವಾರ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಅದು ಆಗಿಹೋಗಿತ್ತು. ಹುಳುವಿಗೆ ಕಡ್ಡಿಸೊಪ್ಪು ಹಾಸುತ್ತಿದ್ದೆ. ಕಾಲ್ಚೀಲ ಎಂದಿನಂತೆ ಗೂಟದಲ್ಲಿತ್ತು. ಒಂದು ಕಟ್ಟು ಕೈಜಾರಿ, ಕತ್ತರಿಸಿದ ಕಡ್ಡಿಯ ಚೂಪು ತುದಿ ಕಣಕಾಲಿನ ಮೇಲಿನ ಉಬ್ಬಿಗೆ ಚುಚ್ಚಿತು. ನೋವೇ ಇಲ್ಲ ಕಣೇ! ಬೆಚ್ಚಗೆ ಏನೋ ಹರಿದಂತಾಯಿತು. ಬಗ್ಗಿ ನೋಡಿದರೆ ಡ್ರಿಪ್ ಪೈಪು ತೂತಾದ ಹಾಗೆ ರಕ್ತ ಗೋಡೆಗೆ ಹಾರುತ್ತಿದೆ.

ನಮ್ಮ ಯಜಮಾನರು ಓಡಿ ಬಂದು "ಏಮಯಿಂದೇ! ಏಮಯಿಂದೇ!" ಅಂತ ಕೂಗಿದರು. ಗಾಬರಿಯಾದರೆ ಅವರಿಗೆ ಕನ್ನಡ ಮರೆತುಹೋಗುತ್ತದೆ, 'ಏನಾಯ್ತೇ' ಅನ್ನುವುದೂ ತೆಲುಗಿನಲ್ಲೇ. ಕೈಯಲ್ಲಿ ಏನಿತ್ತು ಹೇಳು? ಹಗ್ಗ! ಹಾವು ಕಚ್ಚಿದವರಿಗೆ ಕಟ್ಟುವ ಹಾಗೆ ಮೊಣಕಾಲ ಕೆಳಗೆ ಬಿಗಿಯುವುದಕ್ಕೆ ಬಂದರು. ನನಗೆ ನಿನ್ನ ಕಾಗದ ಕಣ್ಣ ಮುಂದೆ ಬಂತು, ನಿನ್ನ ಅಕ್ಷರ, ಅಡಿಗೆರೆ ಸಮೇತ. "ಕಟ್ಬೇಡ! ಕಟ್ಬೇಡ! ಅನಂತು ಬರ್ದವಳೆ! ಕಾಲೆತ್ತು!" ಅಂತ ಕಿರುಚಿ ಅಲ್ಲೇ ನೆಲದ ಮೇಲೆ ಅಂಗಾತ ಮಲಗಿದೆ. ಅವರು ನನ್ನ ಕಾಲನ್ನು ಹುಳುವಿನ ಸ್ಟ್ಯಾಂಡಿನ ಎರಡನೇ ಹಂತದ ಮೇಲೆ ಇಟ್ಟರು. ಒಗೆದಿಟ್ಟ ಟವೆಲ್ಲಿನಿಂದ ಒತ್ತಿ ಹಿಡಿದರು. ತಲೆಯ ಮೇಲೆ ಸಾವಿರಾರು ಹುಳು ಕರಕರ ಸೊಪ್ಪು ತಿನ್ನುತ್ತಿವೆ, ಕೆಳಗೆ ನಾನು ಕಾಲೆತ್ತಿಕೊಂಡು ಮಲಗಿದ್ದೇನೆ. ಹತ್ತು ನಿಮಿಷಕ್ಕೆ ರಕ್ತ ನಿಂತಿತು ಅನಂತು! ನಿಂತೇಹೋಯಿತು!

ನಮ್ಮೂರಿನ ಆಂಜಿಯ ಆಟೋದಲ್ಲಿ ಕಾಲು ಕಂಬಿಯ ಮೇಲೆ ಹಾಕಿಕೊಂಡೇ ಕೋಲಾರಕ್ಕೆ ಹೋದೆವು. ದಾರಿಯಲ್ಲಿ ಜನ ನೋಡಿದರು, ನೋಡಲಿ. ಡಾಕ್ಟರಮ್ಮ "ಹಗ್ಗ ಕಟ್ಟದೆ ಒತ್ತಿ ಹಿಡಿದಿದ್ದು ಯಾರು ಹೇಳ್ಕೊಟ್ಟಿದ್ದು?" ಅಂತ ಕೇಳಿದರು. ನಮ್ಮ ಯಜಮಾನರು ಅಚ್ಚ ಕನ್ನಡದಲ್ಲಿ "ಮುಳಬಾಗಿಲು ಟೀಚರ್" ಅಂದರು. ಕಾಲ್ಚೀಲ ಗೂಟಕ್ಕೆ ಹಾಕುತ್ತಿದ್ದೆ ಅಂತ ಒಪ್ಪಿಕೊಂಡೆ. ಅವರು ಬೈಯಲಿಲ್ಲ, "ಹುಳುಮನೆಗೇ ಅಂತ ಇನ್ನೊಂದು ಜೊತೆ ಇಟ್ಕೊಳ್ಳಿ. ಒಗೆದಿದ್ದು, ಹೊರಗೆ ಬಾರದೇ ಇರೋದು" ಅಂದರು. ನನ್ನ ತಲೆಗೆ ಇಷ್ಟು ಹೊಳೆಯಲಿಲ್ಲವಲ್ಲ! ಹುಳುವಿಗೆ ರೋಗ ಬರಬಾರದೆಂದು ಇಷ್ಟು ಯೋಚಿಸಿದವಳು ನನಗೆ ಬಂದಿರುವುದನ್ನು ಯೋಚಿಸಲಿಲ್ಲ. ಲೇಸರ್ ಅಕ್ಟೋಬರ್ ಒಂದಕ್ಕೆ, ಖಂಡಿತ.

ಫೋನ್ ಹೋಗುತ್ತಿಲ್ಲ ಅಂದೆಯಲ್ಲ, ನಿನ್ನ ನಂಬರ್ ಬ್ಲಾಕ್ ಮಾಡಿಸಿದ್ದೆ. ಈಗ ತೆಗೆಸಿದ್ದೇನೆ. ಆದರೂ ಮಾಡಬೇಡ. ಮೊದಲು ಬರೆ. ಆ ದಿನ ಯಾಕೆ ಹಾಗೆ ಅಂದೆ? ಹೈಸ್ಕೂಲಿನಿಂದ ಒಂದೇ ತಟ್ಟೆಯಲ್ಲಿ ಉಂಡವರು ನಾವು. ನನಗೆ ನಿಜ ಬೇಕು.

ನಿನ್ನ ರತ್ನ


ಮುಳಬಾಗಿಲು
12 ಸೆಪ್ಟೆಂಬರ್ 2024

ರತ್ನಾ,

ಎರಡು ವರ್ಷ ಅಂತ ಬರೆದದ್ದು ಸುಳ್ಳು. ಇಪ್ಪತ್ತೆರಡು ವರ್ಷ.

ಮುಕುಂದ್ ಹುಟ್ಟಿದ ಮೇಲೆ ಶುರುವಾಯಿತು. ಯಾರಿಗೂ ತೋರಿಸಲಿಲ್ಲ. ನಮ್ಮ ಯಜಮಾನರಿಗೂ ತೋರಿಸಲಿಲ್ಲ, ಅವರು ಹೋಗುವವರೆಗೂ ಅವರಿಗೆ ಗೊತ್ತಾಗಲಿಲ್ಲ. ನನ್ನ ಸೀರೆ ನೆಲ ಗುಡಿಸುವಷ್ಟು ಉದ್ದ ಅಂತ ನೀನು ಗೇಲಿ ಮಾಡುತ್ತಿದ್ದೆಯಲ್ಲ, ಅದು ಶೋಕಿಯಲ್ಲ ಕಣೇ. ಸ್ಕೂಲಿನಲ್ಲಿ ಬೇಸಿಗೆಯಲ್ಲೂ ಕಾಲಿಗೆ ಉಣ್ಣೆಯ ಸಾಕ್ಸು. ಶೀತ ಅನ್ನುತ್ತಿದ್ದೆ. ಮಕ್ಕಳು ನನ್ನನ್ನು 'ಸಾಕ್ಸ್ ಮಿಸ್' ಅನ್ನುತ್ತಿದ್ದರು.

ಗೃಹಪ್ರವೇಶದ ದಿನವೂ ರೇಷ್ಮೆ ಸೀರೆಯ ಕೆಳಗೆ ಎರಡು ಜೊತೆ ಹಾಕಿದ್ದೆ. ಬೆಳಿಗ್ಗೆ ನಾಲ್ಕರಿಂದ ನಿಂತು ಕಾಲು ಸುಡುತ್ತಿತ್ತು. ಹೋಳಿಗೆಯ ತಟ್ಟೆ ಹಿಡಿದು ಬಂದಾಗ ನಿನ್ನ ಕಾಲು ಕಂಡಿತು. ನೀನು ಸುಮ್ಮನೆ, ಏನೂ ಆಗಿಲ್ಲವೆಂಬಂತೆ, ನೀಡಿಕೊಂಡು ಕೂತಿದ್ದೆ. ನಾನು ಹದಿನೆಂಟು ವರ್ಷ ಬಚ್ಚಿಟ್ಟಿದ್ದನ್ನು ನೀನು ನಡುಮನೆಯಲ್ಲಿ ಎಲ್ಲರ ಮುಂದೆ ಇಟ್ಟುಕೊಂಡು ಕೂತಿದ್ದೆ. ನನಗೆ ನನ್ನ ಕಾಲೇ ಕಂಡಂತಾಯಿತು. ನಾನು ಬೈದದ್ದು ನನ್ನ ಕಾಲನ್ನು. ಏಟು ಬಿದ್ದದ್ದು ನಿನಗೆ.

ನೀನು ಎದ್ದು ಹೋದ ಮೇಲೆ ಆ ಎಲೆಯನ್ನು ಯಾರಿಗೂ ಎತ್ತಲು ಬಿಡಲಿಲ್ಲ. ನಾನೇ ಎತ್ತಿದೆ. ಹೋಳಿಗೆ ಮಡಚಿದ್ದು ಮಡಚಿದಂತೆಯೇ ಇತ್ತು. ಆಮೇಲೆ ಈ ಮನೆಯಲ್ಲಿ ನಾನು ಹೋಳಿಗೆ ಮಾಡಿಲ್ಲ.

ಕಾಲು ಸರಿಯಾದಾಗ ಮೊದಲು ನಿನಗೇ ಹೇಳಬೇಕು ಅನಿಸಿತು. ಸರಿಯಾಗುವ ಕಾಯಿಲೆಗೆ ನಾನು ಇಪ್ಪತ್ತೆರಡು ವರ್ಷ ನಾಚಿಕೊಂಡೆ, ನಾಚಿಕೆಯಲ್ಲಿ ನಿನ್ನನ್ನು ಕಳೆದುಕೊಂಡೆ. ಕ್ಷಮಿಸು ಅಂತ ಕೇಳುತ್ತಿದ್ದೇನೆ. ಕ್ಷಮಿಸದಿದ್ದರೂ ಲೇಸರಿಗೆ ಹೋಗು, ಬೇಡಿಕೊಳ್ಳುತ್ತೇನೆ.

ಅನಂತು


ಕ್ಯಾಲನೂರು
6 ಡಿಸೆಂಬರ್ 2024

ಲೇ ಅನಂತು,

ಹತ್ತಿರಹತ್ತಿರ ಮೂರು ತಿಂಗಳು ಯಾಕೆ ಬರೆಯಲಿಲ್ಲ ಅಂತ ಅತ್ತಿರುತ್ತೀಯ, ಗೊತ್ತು. ನಿನ್ನ ಕಾಗದ ಓದಿ ಮೊದಲು ಕೋಪ ಬಂತು. ಇಪ್ಪತ್ತೆರಡು ವರ್ಷ ನನಗೂ ಹೇಳಲಿಲ್ಲವಲ್ಲ ಅಂತ. ಒಂದು ಮಾತು ಹೇಳಿದ್ದರೆ ಇಬ್ಬರೂ ಅವತ್ತೇ ಆಸ್ಪತ್ರೆಗೆ ಹೋಗುತ್ತಿದ್ದೆವು. ಆಮೇಲೆ ಅಳು ಬಂತು. ಆಮೇಲೆ, ಗಾಯ ಆರಿದ ಮೇಲೆಯೇ ಬರೆಯುತ್ತೇನೆ ಅಂತ ನನಗೆ ನಾನೇ ಹೇಳಿಕೊಂಡೆ.

ಆರಿತು!

ಲೇಸರ್ ಆದ ದಿನವೇ ನಡೆದುಬಂದೆ. ವಾರಕ್ಕೊಮ್ಮೆ ಪಟ್ಟಿ ಬದಲಿಸಿದರು. ಗಾಯ ಬೊಟ್ಟಿನಗಲ ಆಯಿತು, ಹೆಸರುಕಾಳಿನಷ್ಟಾಯಿತು, ಹೋದ ಸೋಮವಾರ ನೋಡಿದರೆ ಹೊಸ ಚರ್ಮ. ಕಪ್ಪು ಕಲೆ ಇನ್ನೂ ಇದೆ, ಇರಲಿ. ಗಾಯ ಮತ್ತೆ ಬಾರದಿರಲಿ ಅಂತ ಕಾಲ್ಚೀಲ ಇನ್ನೂ ಹಾಕುತ್ತೇನೆ. ಮನೆಗೊಂದು, ಹುಳುಮನೆಗೊಂದು. ಮಧ್ಯಾಹ್ನ ಹತ್ತು ನಿಮಿಷ ಕಾಲು ಮೇಲೆ ಮಾಡಿ ಮಲಗುತ್ತೇನೆ. ಸೊಪ್ಪು ಹಾಕುವಾಗ ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತೇನೆ. ನಮ್ಮ ಯಜಮಾನರು "ಏನ್ ಡ್ಯಾನ್ಸಾ?" ಅನ್ನುತ್ತಾರೆ. ಈ ಸಲದ ಗೂಡು ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ.

ಇನ್ನೊಂದು ಕೇಳು. ನಿನ್ನೆ ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಹಾಲು ಹಾಕಲು ಇಪ್ಪತ್ತು ಹೆಂಗಸರು ನಿಂತಿದ್ದರು. ಅವರಲ್ಲಿ ಸುನಂದ ಅನ್ನುವವಳು ಪದೇಪದೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದಳು. ನನಗೆ ಗೊತ್ತಾಯಿತು. ನಾನು ಕ್ಯಾನು ಕೆಳಗಿಟ್ಟು, ಸೀರೆಯನ್ನು ಮೊಣಕಾಲವರೆಗೆ ಎತ್ತಿ, ಕಾಲ್ಚೀಲ ಕೆಳಗೆ ಜಾರಿಸಿ, "ನೋಡ್ರೇ, ಇಲ್ಲಿ ಗಾಯ ಇತ್ತು. ಇಲ್ಲಿಂದ ರಕ್ತ ಹಾರ್ತು. ಇದು ವಾಸಿ ಆಗುತ್ತೆ ಕಣ್ರೇ" ಅಂದೆ. ಆಮೇಲೆ ಸುನಂದ ತನ್ನ ಸೀರೆ ಎತ್ತಿದಳು. ಅವಳ ಹಿಂದೆ ಇನ್ನೊಬ್ಬಳು. ಐದು ಜನ, ಅನಂತು! ಐದು ಜನ ಇಷ್ಟು ದಿನ ಮುಚ್ಚಿಕೊಂಡು ನಿಂತಿದ್ದರು. ಹಾಲು ಅಳೆಯುವ ಕದಿರೇಶ ಗೋಡೆ ಕಡೆ ತಿರುಗಿ ನಿಂತು "ಬೇಗ ಮುಗಿಸ್ರಮ್ಮ, ಲಾರಿ ಬರುತ್ತೆ" ಅಂದ. ಬುಧವಾರ ಆಂಜಿಯ ಆಟೋದಲ್ಲಿ ಎಲ್ಲರನ್ನೂ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಫುಟ್‌ವಾಲ್ವಿನ ಪಾಠ ದಾರಿಯಲ್ಲಿ ನಾನೇ ಮಾಡುತ್ತೇನೆ.

ಈ ತಿಂಗಳ ಹದಿನೈದು ಭಾನುವಾರ. ಬೆಳಗಿನ ಬಸ್ಸಿಗೆ ಬರುತ್ತೇನೆ, ಒಂದು ಚೀಲ ಅವರೆಕಾಯಿ ತರುತ್ತೇನೆ. ಹಿತಕಿದ ಬೇಳೆ ಸಾರು ನಾನು ಮಾಡುತ್ತೇನೆ, ನೀನು ಹೋಳಿಗೆ ಮಾಡು. ಟೇಬಲ್ಲು ಬೇಡ. ನಡುಮನೆಯಲ್ಲಿ ಅದೇ ಜಾಗದಲ್ಲಿ ಎರಡು ಎಲೆ ಹಾಕು. ನಾನು ಕೆಳಗೇ ಕೂರುತ್ತೇನೆ, ಸೀರೆ ಎಲ್ಲಿಯವರೆಗೆ ಸರಿಯುತ್ತದೋ ಸರಿಯಲಿ. ನೀನೂ ಆ ನೆಲ ಗುಡಿಸುವ ಸೀರೆ ಸ್ವಲ್ಪ ಮೇಲೆ ಮಾಡಿಕೊಂಡು ಪಕ್ಕದಲ್ಲಿ ಕೂತುಕೋ. ಅವತ್ತು ಬಿಟ್ಟು ಎದ್ದ ಊಟ ಮುಗಿಸಬೇಕು.

ಕಾಲು ಗಟ್ಟಿಯಾದ,
ನಿನ್ನ ರತ್ನ